ಅರಿವೆ ಒಣಗುವ ಮೊದಲು

ಬೆವರು ಒರೆಸಿಕೊಳ್ಳಲು ಟವೆಲ್ ಹುಡುಕುತ್ತ ಚೀಲದೊಳಗೆ ಕೈ ಹಾಕಿದ ರಾಜಮತಿಯ ಬೆರಳಿಗೆ ತಣ್ಣಗೆ ಏನೋ ತಾಗಿತು. ಹೊರಗೆ ಎಳೆದು ನೋಡಿದರೆ ನೀರು ಸೋಸುವ ಅರಿವೆ. ಎರಡು ಮಡಿಕೆ ಮಾಡಿ ಇಟ್ಟದ್ದು ಇಟ್ಟ ಹಾಗೇ ಇತ್ತು, ಇನ್ನೂ ಒದ್ದೆ. ಧಬಧಬಿಯ ಮಡು ದಾಟಿ ಬಹಳ ದೂರ ಗುಡ್ಡ ಏರಿಯಾಗಿತ್ತು, ನೀರು ಧುಮುಕುವ ಸದ್ದು ಈಗ ಕೆಳಗೆಲ್ಲೋ ಕೇಳಿಸುತ್ತಿತ್ತು. ನನ್ನ ಬುದ್ಧಿಗೆ ಬೆಂಕಿ ಬೀಳಲಿ ಎಂದುಕೊಂಡು ಅವಳು ನಿಂತಲ್ಲೇ ನಿಂತಳು.

ಅವರ ಮನೆತನದಲ್ಲಿ ಸೋಸದ ನೀರು ಕುಡಿಯುವುದಿಲ್ಲ, ದೇವರಿಗೂ ಎರೆಯುವುದಿಲ್ಲ. ಸೋಸಿಬಿಟ್ಟರೆ ಕೆಲಸ ಮುಗಿಯಿತು ಅಂತಲೂ ಅಲ್ಲ. ಅರಿವೆಯಲ್ಲಿ ಸಿಕ್ಕ, ಕಣ್ಣಿಗೆ ಕಾಣದ ಜೀವಗಳನ್ನು ಅವು ಬಂದ ನೀರಿಗೇ ತಿರುಗಿ ಮುಟ್ಟಿಸಬೇಕು. ಬಾವಿಯವು ಬಾವಿಗೆ, ಹೊಳೆಯವು ಹೊಳೆಗೆ. ಅರಿವೆಯನ್ನು ಮಗುಚಿ ಹಿಡಿದು, ಸೋಸಿದ ನೀರನ್ನೇ ಮೇಲಿನಿಂದ ಬಿಟ್ಟು, ನೀರಿಗೆ ನೀರು ತಾಗಿಸಿ ಮೆಲ್ಲಗೆ ಇಳಿಸಬೇಕು. ಹಿಂಡಬಾರದು, ಎತ್ತರದಿಂದ ಸುರಿಯಬಾರದು. ಅರಿವೆ ಒಣಗಿದರಂತೂ ಮುಗಿದೇ ಹೋಯಿತು, ಅವು ಸತ್ತ ಲೆಕ್ಕ. ತಮ್ಮೂರು ಜುಗೂಳದಲ್ಲಿ ಕೃಷ್ಣೆಯ ಮೆಟ್ಟಿಲ ಮೇಲೆ ಕುಳಿತು ಮದುವೆಯಾದಂದಿನಿಂದ ಒಂದು ದಿನ ಬಿಡದೆ ಇದನ್ನು ಮಾಡಿದ ಹೆಂಗಸು ಇವತ್ತು, ಅದೂ ಇಂಥ ದಿನ, ಮರೆತುಬಿಟ್ಟಿದ್ದಳು.

ಮರೆಯದೆ ಏನು ಮಾಡಿಯಾಳು? ಮಡುವಿನ ಎತ್ತರದ ದಂಡೆಯಿಂದ ಮಗ ಧರಣೇಂದ್ರ ಹಗ್ಗ ಕಟ್ಟಿದ ತಂಬಿಗೆ ಇಳಿಬಿಟ್ಟು ನೀರು ಸೇದಿ ಕೊಟ್ಟಿದ್ದ. ಅವಳು ಗಿಂಡಿಯ ಬಾಯಿಗೆ ಅರಿವೆ ಹಿಡಿದು ಸೋಸಿಕೊಂಡಿದ್ದಳು. ಗಿಂಡಿ ತುಂಬಿತೋ ಇಲ್ಲವೋ, ಗಂಡ ಶ್ರೀಪಾಲ ಹೊತ್ತಾಯಿತು ನಡಿ ನಡಿ ಎಂದು ಬೆನ್ನು ಹತ್ತಿದ್ದ. ಮಗ ಪೂಜೆಯ ಬುಟ್ಟಿ, ಹಗ್ಗ, ತಂಬಿಗೆ ಎಲ್ಲ ತೆಗೆದುಕೊಂಡು ಮುಂದೆ ಹೋಗಿಯೇಬಿಟ್ಟಿದ್ದ. ಅವಸರದಲ್ಲಿ ಅರಿವೆ ಚೀಲ ಸೇರಿತ್ತು.

ಅದು ಎಂಬತ್ತೆಂಟನೆಯ ಇಸವಿ, ದೀಪಾವಳಿ ಮುಗಿದ ವಾರ. ನಿಪ್ಪಾಣಿಯ ಪಡುವಣಕ್ಕೆ ತಂಬಾಕಿನ ಹೊಲಗಳು ಮುಗಿದು ಗುಡ್ಡಗಳು ಏಳುವಲ್ಲಿ ಪಾದದ ಗುಡ್ಡವಿದೆ. ಅದರ ನೆತ್ತಿಯ ಬಂಡೆಯಲ್ಲಿ ಯಾವ ಕಾಲದ್ದೋ ಮುನಿಗಳ ಜೋಡಿ ಪಾದ ಕೆತ್ತಿದ್ದಾರೆ. ಅರ್ಧ ಗುಡ್ಡಕ್ಕೆ ಹಳ್ಳವೊಂದು ಮಡುವಾಗಿ ನಿಂತು, ಅಲ್ಲಿಂದ ಒಮ್ಮೆಲೇ ಕೆಳಕ್ಕೆ ಧುಮುಕುತ್ತದೆ. ಸುತ್ತಲಿನವರು ಅದನ್ನು ಧಬಧಬಿ ಎನ್ನುತ್ತಾರೆ. ಶ್ರೀಪಾಲನ ಮನೆಯವರು ಪ್ರತಿವರ್ಷ ಮಟಡೋರ್ ಗಾಡಿ ಮಾಡಿಕೊಂಡು ಬಂದು ಆ ಪಾದಗಳಿಗೆ ನೀರೆರೆದು ಹೋಗುವವರು. ಏರುವವರು ಗಂಡಸರು. ಹೆಂಗಸರು ಧಬಧಬಿಯ ಬುಡದಲ್ಲಿ ಕುಳಿತು ನೀರು ಸೋಸಿ ಕೊಟ್ಟು, ಅಡುಗೆ ಮಾಡಿಕೊಂಡು, ತಲೆ ಎತ್ತಿ ನೋಡುತ್ತ ಕಾಯುವವರು.

ಮೊದಲು ಹಾಗಿರಲಿಲ್ಲವಂತೆ. ನಲವತ್ತು ವರ್ಷದ ಹಿಂದೆ ಶ್ರೀಪಾಲನ ಕಾಕಾ ಭಾವುಸಾಹೇಬರ ಹೆಂಡತಿ ಗೌರಾಬಾಯಿ ಎಲ್ಲರ ಸಂಗಡ ಏರಿದ್ದಳು. ಹೊಸ ಮದುವಣಗಿತ್ತಿ, ವರ್ಷ ತುಂಬಿರಲಿಲ್ಲ. ಗಂಡಸರು ಮುಂದೆ ಹೋದಾಗ ಇವಳು ಧಬಧಬಿ ನೋಡುವ ಚಪಲಕ್ಕೆ ಮಡುವಿನ ತುದಿಯ ಚಪ್ಪಟೆ ಕಲ್ಲಿನ ಮೇಲೆ ಹೋಗಿ ನಿಂತಳಂತೆ, ಜಾರಿದಳಂತೆ. ಕಲ್ಲಿನ ಪಾಚಿಯ ಮೇಲೆ ಹಿಮ್ಮಡಿ ಎಳೆದ ಗೆರೆಯೊಂದೇ ಉಳಿದದ್ದು. ಭಾವುಸಾಹೇಬ ಕಾಕಾ ಮತ್ತೆ ಮದುವೆಯಾಗಲಿಲ್ಲ. ಅಂದಿನಿಂದ ಗುಡ್ಡ ಏರಲೂ ಇಲ್ಲ. ಆದರೆ ವರ್ಷವೂ ಬಂದು ಬುಡದಲ್ಲಿ ಕುಳಿತು, ಆ ಕಲ್ಲಿನ ದಿಕ್ಕಿಗೆ ಕೈ ತೋರಿಸಿ, ಮನೆಯ ಸೊಸೆಯಂದಿರಿಗೆಲ್ಲ ಹೇಳುತ್ತಿದ್ದರು: ಹುಡುಗಾಟದಾಕಿ ಇದ್ದಳು, ಕಣ್ಣಿನ ಚಪಲಕ್ಕ ಜೀವಾ ಕಳಕೊಂಡಳು. ಹೇಳುವಾಗ ಅವರ ದನಿಯಲ್ಲಿ ದುಃಖಕ್ಕಿಂತ ಸಿಟ್ಟೇ ಹೆಚ್ಚಿರುತ್ತಿತ್ತು.

ರಾಜಮತಿ ಈ ಮಾತು ಕೇಳಿ ಕೇಳಿ ಐವತ್ತು ದಾಟಿದ್ದಳು. ತಾನು ಸೋಸಿದ ನೀರು ಪ್ರತಿವರ್ಷ ಇನ್ನೊಬ್ಬರ ಕೈಯಲ್ಲಿ ಏರಿ ಹೋಗುವುದನ್ನು ನೋಡಿ ನೋಡಿ ಅವಳಿಗೆ ಸಾಕಾಗಿತ್ತು. ಒಮ್ಮೆಯಾದರೂ ತನ್ನ ಕೈಯಿಂದ ಎರೆಯಬೇಕು. ಅಷ್ಟೇ ಅಲ್ಲ, ನೆತ್ತಿಯಿಂದ ಕೃಷ್ಣೆ ಬೆಳ್ಳಿಯ ದಾರದ ಹಾಗೆ ಕಾಣುತ್ತದೆ ಎಂದು ಗಂಡಸರು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರಲ್ಲ, ಅದನ್ನೂ ನೋಡಬೇಕು. ಮೊಣಕಾಲು ನೋವು ಶುರುವಾಗಿತ್ತು. ಈ ವರ್ಷ ಬಿಟ್ಟರೆ ಇನ್ನಿಲ್ಲ. ಏರುವುದಾದರೆ ಬರುತ್ತೇನೆ, ಇಲ್ಲವಾದರೆ ಮಟಡೋರೇ ಹತ್ತುವುದಿಲ್ಲ ಎಂದು ಪಟ್ಟು ಹಿಡಿದು ಕುಳಿತಳು. ಕಾಕಾ ಮುಖ ಗಂಟು ಹಾಕಿಕೊಂಡರು. ಅವಳು ಜಗ್ಗಲಿಲ್ಲ.

ಹಾಗೆ ಬಂದವಳು ಈಗ ಅರಿವೆ ಹಿಡಿದು ನಿಂತಿದ್ದಾಳೆ. ಶ್ರೀಪಾಲ ಹಿಂದಿನಿಂದ ಏದುಸಿರು ಬಿಡುತ್ತ ಬಂದ. ಹೊಟ್ಟೆ ಬೆಳೆದ ಮನುಷ್ಯ, ಹೆಂಡತಿಗಿಂತ ಅವನಿಗೇ ಕಷ್ಟವಾಗಿತ್ತು. ಸಂಗತಿ ಕೇಳಿ ಇಷ್ಟೇ ಏನು ಎನ್ನುವ ಹಾಗೆ ಕೈ ಬೀಸಿದ. ಈ ಸಲ ಮಳೆ ಜೋರಾಗಿ ಆಗಿದೆ, ಮೇಲಿನ ಒರತೆ ಬತ್ತಿಲ್ಲ, ಅಲ್ಲೇ ಹಿಂಡಿದರಾಯಿತು ಎಂದ.

"ಅದು ಬ್ಯಾರೆ ನೀರ್ರಿ," ಎಂದಳು ರಾಜಮತಿ. "ಇಲ್ಲಿಯವು ಅಲ್ಲಿ ಬದುಕತಾವೇನು?"

"ಈಗ ಇಳದಿ ಅಂದ್ರ ಮತ್ತ ಏರೂದು ನಿನ್ನ ಕಡಿಂದ ಆಗೂದಿಲ್ಲ. ಹೊತ್ತೂ ಇರೂದಿಲ್ಲ. ನೋಡು ಮತ್ತ."

"ಇಳೀತೀನಿ, ಏರತೀನಿ. ನೀವು ಇಲ್ಲೇ ಕುಂತಿರ್ರಿ."

ಹಾಗೆಂದು ಗಿಂಡಿಯಿಂದ ನಾಲ್ಕು ಹನಿ ಅರಿವೆಗೆ ಚಿಮುಕಿಸಿ, ಸೆರಗು ಸಿಕ್ಕಿಸಿಕೊಂಡು ಇಳಿದೇಬಿಟ್ಟಳು. ಶ್ರೀಪಾಲ ಹಿಂದೆ ಎರಡು ಹೆಜ್ಜೆ ಹಾಕಿ, ಮೇಲೆ ನೋಡಿ, ಕೆಳಗೆ ನೋಡಿ, ಬೈದುಕೊಳ್ಳುತ್ತ ಒಂದು ಕಲ್ಲಿನ ಮೇಲೆ ಕುಳಿತ. ಕಣ್ಣಿಗೆ ಕಾಣದ ಜೀವಕ್ಕಾಗಿ ಕಣ್ಣಿಗೆ ಕಾಣುವ ಜೀವವನ್ನು ಪಣಕ್ಕಿಡುತ್ತಾರೆಯೇ ಎಂದು ನೀವು ನಗಬಹುದು. ನಗಿರಿ. ರಾಜಮತಿಗೆ ಆ ಲೆಕ್ಕ ಗೊತ್ತಿರಲಿಲ್ಲ. ಬೇರೆಯವರ ಕೂಸನ್ನು ಅರಿಯದೆ ಎತ್ತಿಕೊಂಡು ಬಂದವಳ ಹಾಗೆ ಅವಳು ಅರಿವೆಯನ್ನು ಎದೆಗೆ ಹಿಡಿದು ಇಳಿಯುತ್ತಿದ್ದಳು.

ಮಡುವಿಗೆ ಬಂದಾಗ ತೊಡಕು ತಿಳಿಯಿತು. ದಂಡೆ ಆಳೆತ್ತರ, ಕೆಳಗೆ ಮುಳ್ಳು, ಕೆಸರು. ಹಗ್ಗವೋ ಮಗನ ಹತ್ತಿರ. ಅಷ್ಟು ಎತ್ತರದಿಂದ ಸುರಿಯುವ ಹಾಗಿಲ್ಲ. ಸುತ್ತಲೂ ನೋಡಿದಳು. ಕೈಗೆ ನೀರು ಎಟುಕುವ ಜಾಗ ಇಡೀ ಮಡುವಿಗೆ ಒಂದೇ ಇತ್ತು, ತುದಿಯ ಚಪ್ಪಟೆ ಕಲ್ಲು. ಅದರ ಪಕ್ಕದಲ್ಲೇ ನೀರು ಸಪ್ಪಳವಿಲ್ಲದೆ ಬಾಗಿ ಕಾಣೆಯಾಗುತ್ತಿತ್ತು.

ಅವಳಿಗೆ ಹೆದರಿಕೆ ಆಯಿತು. ತಿರುಗಿ ಹೋಗಲೇ ಎಂದು ಒಂದು ಕ್ಷಣ ಅನ್ನಿಸಿದ್ದೂ ಹೌದು. ಆದರೆ ಅರಿವೆಯ ಅಂಚು ಬಿಸಿಲಿಗೆ ಗರಿಗರಿಯಾಗತೊಡಗಿತ್ತು. ಕೃಷ್ಣೆಯ ಮೆಟ್ಟಿಲ ಪಾಚಿಯ ಮೇಲೆ ಹೇಗೆ ಸರಿಯುತ್ತಿದ್ದಳೋ ಹಾಗೆ ಕುಳಿತುಕೊಂಡೇ, ಅಂಗೈ ಊರಿ, ಇಂಚಿಂಚು ಸರಿದು ಕಲ್ಲಿನ ತುದಿಗೆ ಬಂದಳು. ಅರಿವೆ ಮಗುಚಿ ನೀರಿಗೆ ತಾಗಿಸಿ, ಗಿಂಡಿಯ ನೀರನ್ನು ಸಣ್ಣಗೆ ಅದರ ಮೇಲೆ ಬಿಟ್ಟಳು. ಹೋಗ್ರಪ್ಪಾ, ನಿಮ್ಮ ಮನೆಗೆ ನೀವು ಹೋಗ್ರಿ ಎಂದು ಬಾಯಲ್ಲೇ ಹೇಳಿದಳು. ಎದೆ ಹಗುರಾಯಿತು.

ಇಷ್ಟು ದೂರ ಬಂದದ್ದಕ್ಕೆ ಧಬಧಬಿಯನ್ನೂ ಇಲ್ಲಿಂದ ಒಮ್ಮೆ ನೋಡೋಣ ಎಂದು ಕತ್ತು ಚಾಚಿದಳು. ಏನೂ ಕಾಣಲಿಲ್ಲ. ಕಲ್ಲಿನ ಮುಂದೆ ಬಂಡೆ ಗೂನುಬೆನ್ನಿನ ಹಾಗೆ ಉಬ್ಬಿ ಅಡ್ಡ ನಿಂತಿತ್ತು. ಅದರಾಚೆ ಬರೀ ಆಕಾಶ. ಧಬಧಬಿ ನೋಡಬೇಕೆಂದರೆ ಆಚೆಯ ದಂಡೆಗೆ ಹೋಗಬೇಕು. ಅಲ್ಲಿಂದ ಪೂರ್ತಿ ಕಾಣುತ್ತದೆ, ಏರುವಾಗ ಅವಳೇ ಕಣ್ತುಂಬ ನೋಡಿಕೊಂಡು ಬಂದಿದ್ದಳು. ಈ ಕಲ್ಲಿನ ಮೇಲೆ ಬರುವುದಕ್ಕೆ ನೀರು ಮುಟ್ಟುವುದೊಂದೇ ಕಾರಣ.

ಯಾರು ಬಂದಾರು ಇಲ್ಲಿಗೆ, ನೋಡಲಿಕ್ಕೆಂದು? ಗಂಡಸರು ಹಗ್ಗ, ಗಿಂಡಿ ಎತ್ತಿಕೊಂಡು ಮುಂದೆ ಹೋದಮೇಲೆ ಹೆಣ್ಣೊಬ್ಬಳು ಹಸಿ ಅರಿವೆ ಹಿಡಿದು ಇಲ್ಲಿಗಲ್ಲದೆ ಇನ್ನೆಲ್ಲಿಗೆ ಹೋದಾಳು? ರಾಜಮತಿಯ ಮೈ ಜುಮ್ಮೆಂದಿತು. "ಗೌರಾಕಾಕೀ," ಎಂದಳು ಗಟ್ಟಿಯಾಗಿ. ಕಣ್ಣು ತುಂಬಿ ಬಂತು. ಏಳಬೇಕೆಂದು ಹಿಮ್ಮಡಿ ಊರಿದಳು, ಹಿಮ್ಮಡಿ ನಿಲ್ಲಲಿಲ್ಲ.

ಬೋರಲು ಬಿದ್ದಳು. ಗಿಂಡಿ ಕೈಬಿಟ್ಟು ಒಮ್ಮೆ ಠಣ್ ಎಂದು ಉರುಳಿ ಅಂಚು ದಾಟಿತು. ಆಮೇಲೆ ಸದ್ದೇ ಇಲ್ಲ. ಕಾಲು ಎರಡೂ ನೀರಿಗೆ ಜಾರಿದವು, ನೀರು ಸೀರೆ ಹಿಡಿದು ಎಳೆಯತೊಡಗಿತು. ಬೆರಳುಗಳಿಗೆ ಕಲ್ಲಿನ ಒಂದು ಬಿರುಕು ಸಿಕ್ಕಿತು. ಅರಿವೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. ಉಗುರು ಕಿತ್ತು ಬರುವ ಹಾಗೆ ಎಳೆದುಕೊಂಡು ಒಂದು ಮೊಣಕಾಲು ಮೇಲೆ ತಂದಳು. ಅದೇ ನೋವಿನ ಮೊಣಕಾಲು. ನೀ ಇವತ್ತು ಕೈಕೊಟ್ಟರೆ ನೋಡು ಎಂದು ಅದನ್ನೇ ಬೈದಳು. ಇನ್ನೊಂದನ್ನು ತಂದಳು. ಒಣ ಬಂಡೆ ಸಿಗುವ ತನಕ ಅಂಬೆಗಾಲಿನಲ್ಲೇ ಬಂದು, ಮುಖ ಮುಚ್ಚಿಕೊಂಡು ಹೊಟ್ಟೆ ತುಂಬ ಅತ್ತಳು. ಅತ್ತು ಮುಗಿದ ಮೇಲೆ ಎದ್ದಳು.

ಮೈಯೆಲ್ಲ ಕೆಸರು, ಕೈಯಲ್ಲಿ ರಕ್ತ, ಗಿಂಡಿಯಿಲ್ಲ. ಏರಿ ಬಂದ ಹೆಂಡತಿಯನ್ನು ನೋಡಿ ಶ್ರೀಪಾಲನ ಜೀವ ಬಾಯಿಗೆ ಬಂತು. ಜಾರಿದೆ, ಗಿಂಡಿ ಹೋಯಿತು ಎಂದಷ್ಟೇ ಅವಳು ಹೇಳಿದಳು. ಅವನು ಅವಳ ರಟ್ಟೆ ಹಿಡಿದು ಸಾಕು, ಇಳಿದುಬಿಡೋಣ, ಪಾದ ಎಲ್ಲಿಗೂ ಹೋಗುವುದಿಲ್ಲ ಎಂದ. ಅವಳು ಮೆತ್ತಗೆ ಕೈ ಬಿಡಿಸಿಕೊಂಡು ಮುಂದೆ ನಡೆದಳು. ಬಾಯಿಗೆ ಬಂದದ್ದೆಲ್ಲ ಅಂದುಕೊಂಡು ಅವನೂ ಹಿಂದೆ ಬಂದ. ಕಡೆಯ ಏರಿನಲ್ಲಿ ಕೈಕಾಲು ಎಲ್ಲ ಬೇಕಾಯಿತು. ನಾಲ್ಕು ಹೆಜ್ಜೆಗೊಮ್ಮೆ ನಿಂತಳು, ಕೂರಲಿಲ್ಲ. ಕೂತರೆ ಏಳಲಾರೆ ಎಂದು ಅವಳಿಗೆ ಗೊತ್ತಿತ್ತು.

ನೆತ್ತಿಯಲ್ಲಿ ಗಾಳಿ ಸೀರೆಯನ್ನು ಹಾರಿಸಿಕೊಂಡು ಹೋಗುವ ಹಾಗೆ ಬೀಸುತ್ತಿತ್ತು. ಗಿಡುಗವೊಂದು ಅವಳ ಕಾಲಿಗಿಂತ ಕೆಳಗೆ ತೇಲುತ್ತಿತ್ತು. ತಂಬಾಕಿನ ಹೊಲ, ಕಬ್ಬು, ಹಂಚಿನ ಮನೆಗಳು, ಅವುಗಳ ನಡುವೆ ಅಲ್ಲಲ್ಲಿ ಮಿನುಗುವ ದೂಧಗಂಗೆ. ಇಷ್ಟು ದೊಡ್ಡದನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಎಳೆಯ ಹುಡುಗಿಯ ಹಾಗೆ ಖುಷಿಯಾಯಿತು. ಕೃಷ್ಣೆ ಎಲ್ಲಿದೆ ಎಂದು ಕೇಳಿದಳು. ಶ್ರೀಪಾಲ ಎತ್ತಲೋ ಕೈ ತೋರಿಸಿ ಇವತ್ತು ಮಬ್ಬಿದೆ ಎಂದ. ಧರಣೇಂದ್ರ ನಕ್ಕುಬಿಟ್ಟ.

"ಯವ್ವಾ, ಇಲ್ಲಿಂದ ಕೃಷ್ಣಾ ಕಾಣೂದಿಲ್ಲ. ನಾನೂ ನೋಡಿಲ್ಲ, ಅಪ್ಪನೂ ನೋಡಿಲ್ಲ. ಹಿರ್ಯಾರು ಹೇಳ್ತಿದ್ರು, ನಾವೂ ಹೇಳ್ತೀವಿ."

ರಾಜಮತಿ ನಗಲಿಲ್ಲ. ಗಂಡನ ಮುಖ ನೋಡಿದಳು, ಮಗನ ಮುಖ ನೋಡಿದಳು. ಆಮೇಲೆ ಬುಟ್ಟಿಯಿಂದ ಗಂಧದ ಬಟ್ಟಲು ಎತ್ತಿಕೊಂಡು, ಮಗನ ತಂಬಿಗೆಯಲ್ಲಿ ಒರತೆಯ ನೀರು ತುಂಬಿಸಿ ಸೋಸಿದಳು. ಈ ಸಲ ಅರಿವೆಯನ್ನು ಒರತೆಗೆ ಮುಟ್ಟಿಸಿಯೇ ಮೇಲೆದ್ದಳು. ಬಟ್ಟಲು ಸಣ್ಣದು, ಮತ್ತೆ ಮತ್ತೆ ತುಂಬಬೇಕಾಯಿತು. ಪಾದಗಳಿಗೆ ಮೊದಲು ಎರೆದದ್ದು ಗೌರಾಬಾಯಿಯ ಹೆಸರಿನಲ್ಲಿ. ಆಮೇಲೆ ತನ್ನದು.

ಇಳಿಯುವಾಗ ಬಿಸಿಲು ಹಳದಿಯಾಗಿತ್ತು. ಮಡು ದಾಟಿ ಕೆಳಗಿನ ತಿರುವಿಗೆ ಬಂದರೆ ದಾರಿಯ ನಡುವೆ ಯಾರೋ ಬಂಡೆಗೆ ಆತು ನಿಂತಿದ್ದರು. ಭಾವುಸಾಹೇಬ ಕಾಕಾ. ನಲವತ್ತು ವರ್ಷ ಈ ಗುಡ್ಡದ ಮೇಲೆ ಕಾಲಿಡದ ಮುದುಕ. ರುಮಾಲು ಬಿಚ್ಚಿ ಹೆಗಲಿಗೆ ಬಿದ್ದಿತ್ತು, ಒಂದು ಮೊಣಕಾಲು ಒಡೆದಿತ್ತು. ಎರಡೂ ಕೈಯಲ್ಲಿ ಎದೆಗವಚಿ ಹಿಡಿದದ್ದು ಆ ಗಿಂಡಿ. ಅದರ ಹೊಟ್ಟೆ ನೆಗ್ಗಿ ಒಳಗೆ ಹೋಗಿತ್ತು. ರಾಜಮತಿಯನ್ನು ಕಂಡದ್ದೇ ಅವರು ಕುಸಿದು ಕುಳಿತರು.

"ಗಿಂಡಿ ತೆಳಗ ಬಂತು," ಎಂದರು. "ನೀನೂ ಅದರ ಹಿಂದ ಬರತಿ ಅಂತ ನೋಡಿದ್ನಿ. ಬರಲಿಲ್ಲ. ಅದಕ್ಕ ಏರಿ ಬಂದ್ನಿ."

ರಾಜಮತಿ ಅವರ ಎದುರಿಗೆ ಕುಳಿತಳು. ಹೇಳಲೋ ಬೇಡವೋ ಎಂದು ಇಳಿಯುವ ದಾರಿಯುದ್ದಕ್ಕೂ ಯೋಚಿಸಿದ್ದಳು. ಈ ವಯಸ್ಸಿನಲ್ಲಿ ಇವರಿಗೆ ಯಾಕೆ ಹೊಸ ಸಂಕಟ ಅಂತಲೂ ಅನ್ನಿಸಿತ್ತು. ಆದರೆ ಕಲ್ಲಿನ ಮೇಲೆ ತನ್ನ ಹಿಮ್ಮಡಿ ಎಳೆದ ಗೆರೆಯೂ ಈಗ ಉಳಿದಿತ್ತು. ತಾನು ಬಿದ್ದು ಹೋಗಿದ್ದರೆ ತನ್ನನ್ನೂ ಹುಡುಗಾಟದವಳು ಎನ್ನುತ್ತಿದ್ದರು.

"ಕಾಕಾರ, ಗೌರಾಕಾಕಿ ಧಬಧಬಿ ನೋಡಾಕ ಹೋಗಿದ್ದಿಲ್ರಿ. ಆ ಕಲ್ಲಿನ ಮ್ಯಾಲಿಂದ ಧಬಧಬಿ ಕಾಣೂದೇ ಇಲ್ಲ. ನಾ ಇವತ್ತ ಅಲ್ಲೇ ಕುಂತು ಬಂದೀನಿ." ಅವಳು ಅರಿವೆಯನ್ನು ಮುಂದೆ ಹಿಡಿದಳು. "ನೀವೆಲ್ಲಾ ಮುಂದ ಹೋಗಿದ್ರಿ. ಅವರು ಇದನ್ನ ನೀರಿಗೆ ಮುಟ್ಟಸಾಕ ಹೋಗಿದ್ರು."

ಕಾಕಾ ಅವಳ ಬಾಯಿಯನ್ನೇ ನೋಡುತ್ತಿದ್ದರು.

"ಕಾಣೂದಿಲ್ಲ?"

"ಇಲ್ರಿ."

"ಏನೂ ಕಾಣೂದಿಲ್ಲ?"

"ಬರೇ ಆಕಾಶ ಕಾಣತೈತ್ರಿ."

ಇಷ್ಟು ವರ್ಷ ಹೆಂಡತಿಯ ಮೇಲೆ ಹಿಡಿದುಕೊಂಡಿದ್ದ ಸಿಟ್ಟನ್ನು ಎಲ್ಲಿ ಇಡಬೇಕೋ ಅವರಿಗೆ ತಿಳಿಯಲಿಲ್ಲ. ಶ್ರೀಪಾಲ ಕೆಮ್ಮಿ, ಸೂರ್ಯ ಇಳಿಯುತ್ತಿದ್ದಾನೆ, ಹೊತ್ತು ಮುಳುಗುವುದರೊಳಗೆ ಊಟ ಆಗಬೇಕು, ಬುತ್ತಿ ಕೆಳಗಿದೆ ಎಂದು ನೆನಪಿಸಿದ. ಅವರ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಯಾರೂ ಉಣ್ಣುವುದಿಲ್ಲ.

ಕಾಕಾ ಗಿಂಡಿಯನ್ನು ಕೆಳಗಿಟ್ಟು ಕೈ ಚಾಚಿದರು. ರಾಜಮತಿ ಅರಿವೆ ಕೊಟ್ಟಳು. ಅದರ ಜೀವಗಳು ತಮ್ಮ ನೀರಿಗೆ ಸೇರಿಯಾಗಿತ್ತು, ಇನ್ನು ಒಣಗಿದರೆ ಅಡ್ಡಿಯಿರಲಿಲ್ಲ. ಹೆಂಗಸರ ಕೆಲಸದ ಬಟ್ಟೆಯನ್ನು ಎಂದೂ ಮುಟ್ಟಿದವರಲ್ಲ ಅವರು. ಬಿಸಿಲು ಇನ್ನೂ ಉಳಿದಿದ್ದ ಒಂದು ಬಂಡೆ ನೋಡಿ ಅದನ್ನು ಹರವಿದರು, ಸುಕ್ಕು ಇಲ್ಲದ ಹಾಗೆ ಅಂಗೈಯಿಂದ ಸವರಿದರು. ಗಾಳಿ ಅಂಚು ಎತ್ತುತ್ತಿತ್ತು. ನಾಲ್ಕು ಮೂಲೆಗೂ ಒಂದೊಂದು ಸಣ್ಣ ಕಲ್ಲು ಹುಡುಕಿ ಇಟ್ಟು, ಪಕ್ಕದಲ್ಲಿ ಕುಳಿತರು. ಅರಿವೆ ಒಣಗುವ ತನಕ ಯಾರೂ ಅಲ್ಲಿಂದ ಏಳಲಿಲ್ಲ.