ಕಹುರಂಗಿಯ ಮುಖ ತೆಗೆದ ವಾರ

ಕಹುರಂಗಿ ತೀರಿಕೊಂಡ ಸುದ್ದಿ ಸೋಮವಾರ ಬೆಳಿಗ್ಗೆ ಆಕ್ಲೆಂಡಿನ ಮಾವೋರಿ ಚಾನೆಲ್ಲಿಗೆ ಮುಟ್ಟಿದಾಗ, ಅವಳ ಅಕ್ಕನ ಮಗಳು ಹಿನೆವೈಗೆ ಅಳಲೂ ಪುರುಸೊತ್ತು ಸಿಗಲಿಲ್ಲ. ಆ ಚಾನೆಲ್ಲಿನಲ್ಲಿ ವಾರದ ಕಾರ್ಯಕ್ರಮಗಳನ್ನು ಹೊಂದಿಸುವುದು ಅವಳ ಕೆಲಸ. ಮಾವೋರಿಗಳ ಪದ್ಧತಿಯಲ್ಲಿ ಸತ್ತವರ ಮುಖವನ್ನು ಮನೆಯವರು ಒಪ್ಪುವವರೆಗೆ ತೆರೆಯ ಮೇಲೆ ತೋರಿಸುವಂತಿಲ್ಲ. ಹಳೆಯ ಕಾಲದವರಾದರೆ ವರ್ಷ ತುಂಬಿ, ಗೋರಿಯ ಕಲ್ಲಿನ ಮುಸುಕು ತೆಗೆಯುವವರೆಗೂ ಒಪ್ಪುವುದಿಲ್ಲ. ಕಹುರಂಗಿಯೋ ದಿನಾ ಸಂಜೆ ಟಿವಿಯಲ್ಲಿ ಮಕ್ಕಳಿಗೆ ಭಾಷೆ ಕಲಿಸುತ್ತಿದ್ದವಳು.

ಸಂಜೆಯ ಪಾಠ ತೆಗೆದದ್ದು ಸುಲಭವಾಯಿತು, ಉಳಿದದ್ದೇ ತಲೆನೋವು. ಮಂಗಳವಾರದ ಅಡುಗೆಯಲ್ಲಿ ಅವಳು ಗೆಣಸು ಸುಲಿಯುತ್ತ ಕೂತಿದ್ದಳು. ಬುಧವಾರ ದಡದಲ್ಲಿ ನಿಂತು ಮೀನು ಹಿಡಿಯುವವರನ್ನು ಗೇಲಿ ಮಾಡುತ್ತಿದ್ದಳು. ಶನಿವಾರದ ಹಾಕಾ ಕುಣಿತದ ಸ್ಪರ್ಧೆಗೂ ತೀರ್ಪುಗಾರ್ತಿ ಅವಳೇ. ಈ ಹೆಂಗಸು ತಲೆಹಾಕದ ಕಾರ್ಯಕ್ರಮವೇ ಇರಲಿಲ್ಲ. ಹಿನೆವೈ ಎಲ್ಲವನ್ನೂ ಓಡಿಸಿ ನೋಡಿ, ಅವಳಿದ್ದುದನ್ನೆಲ್ಲ ಕಿತ್ತು, ಆ ಜಾಗಕ್ಕೆ ಹಳೆಯ ರಗ್ಬಿ ತುಂಬಿದಳು. ಸಾಕಿದ ಚಿಕ್ಕಮ್ಮನನ್ನು ಹುಡುಕಿ ಹುಡುಕಿ ತೆಗೆಯುವ ಕೆಲಸ ಶತ್ರುವಿಗೂ ಬೇಡ.

ಆಮೇಲೆ ಅಂತ್ಯಕ್ರಿಯೆಗೆಂದು ಉತ್ತರದ ಹೊಕಿಯಾಂಗಾ ಊರಿಗೆ ಹೋದಳು. ಕುಲದ ಸಭಾಮನೆಯಲ್ಲಿ ತೆರೆದ ಪೆಟ್ಟಿಗೆಯ ಪಕ್ಕ ಕಹುರಂಗಿಯ ಗಂಡ ಪಾರಾಯಾ ಕೂತಿದ್ದ. ಅವನ ನೆನಪು ಕೆಟ್ಟು ವರ್ಷಗಳಾಗಿದ್ದವು. ಎದುರಿಗೆ ಓಡಾಡುವ ಹೆಂಡತಿಯನ್ನು ಗುರುತಿಸದ ದಿನಗಳೂ ಇದ್ದವು, ಟಿವಿಯಲ್ಲಿ ಬಂದರೆ ಮಾತ್ರ ಗುರುತು ಎಂದೂ ತಪ್ಪುತ್ತಿರಲಿಲ್ಲ. ಇಲ್ಲಿ ಮಲಗಿರುವುದು ಯಾರು ಎಂದು ಮತ್ತೆ ಮತ್ತೆ ಕೇಳುತ್ತಿದ್ದ. ಹೇಳಿದಾಗಲೆಲ್ಲ ಆಗಷ್ಟೇ ಕೇಳಿದವನಂತೆ ಕುಸಿಯುತ್ತಿದ್ದ. ಇನ್ನು ಬದುಕಿರುವಷ್ಟು ದಿನ ಇದನ್ನು ಇವನಿಗೆ ಹೇಳುತ್ತಲೇ ಇರಬೇಕಲ್ಲ ಎಂದು ಹಿನೆವೈಗೆ ಅನ್ನಿಸಿತು. ಮಣ್ಣು ಮಾಡಿದ ಮೇಲೆ ಅವನನ್ನು ತನ್ನ ಮನೆಗೇ ಕರೆತಂದಳು.

ಮೊದಲ ಸಂಜೆ ಅವನು ಅಭ್ಯಾಸದಂತೆ ಟಿವಿ ಮುಂದೆ ಕೂತ. ಪಾಠದ ಹೊತ್ತಿಗೆ ರಗ್ಬಿ ಬಂತು. ಸ್ವಲ್ಪ ಹೊತ್ತು ನೋಡಿ, ತಿರುಗಿದ.

"ಅವಳನ್ನ ತೆಗೆದ್ರಾ, ಮಗಳೇ?"

"ಹೂಂ, ಚಿಕ್ಕಪ್ಪ."

"ಹಾಗಾದ್ರೆ ಹೋಗ್ಬಿಟ್ಲು."

ತಲೆ ತಗ್ಗಿಸಿ ಮೆಲ್ಲಗೆ ಅತ್ತ. ಮರುದಿನವೂ ಹಾಗೆಯೇ, ಅದರ ಮರುದಿನವೂ. ಅವಳು ಸತ್ತಳೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಹೆಂಡತಿಯ ಹೆಸರು ಮರೆತರೂ ಕುಲದ ಪದ್ಧತಿಯನ್ನು ಮುದುಕ ಮರೆತಿರಲಿಲ್ಲ. ಅಳು ದಿನದಿಂದ ದಿನಕ್ಕೆ ತಗ್ಗುತ್ತಿತ್ತು, ಬಟ್ಟಲು ತುಂಬ ಸಾರು ಕುಡಿಯತೊಡಗಿದ್ದ.

ಇಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಚಾನೆಲ್ಲಿನ ಮುಖ್ಯಸ್ಥ ತಮಾಟಿ, ಪಾಠ ಎಲ್ಲಿ ಎಂದು ತಾಯಂದಿರು ಫೋನು ಮಾಡಿ ಜೀವ ತಿನ್ನುತ್ತಿದ್ದಾರೆ ಎಂದ. ಕಹುರಂಗಿಯ ಗಂಡುಮಕ್ಕಳು, ಅಮ್ಮನಿಗೆ ಭಾಷೆಗಿಂತ ಹೆಚ್ಚಿನದು ಯಾವುದಿತ್ತು, ಹಾಕಿ ಎಂದು ಒಪ್ಪಿಗೆ ಕೊಟ್ಟರು. ಉತ್ತರದ ಹಿರಿಯಜ್ಜಿಯೊಬ್ಬಳು ಮಾತ್ರ ಕಲ್ಲಿನ ಮುಸುಕು ತೆಗೆಯುವವರೆಗೆ ಕಾಯಿರಿ ಎಂದಳು. ಆದರೆ ಹಿನೆವೈಗೇ ಚಿಕ್ಕಮ್ಮನ ಮುಖ ನೋಡುವ ಹಂಬಲ ಹತ್ತಿತ್ತು. ಚಿಕ್ಕಪ್ಪನಿಗೂ ಸಮಾಧಾನವಾದೀತು ಎಂದು ತನಗೆ ತಾನೇ ಹೇಳಿಕೊಂಡಳು. ಮುಂದಿನ ಸೋಮವಾರ, ಇದರಲ್ಲಿ ಅಗಲಿದವರು ಕಾಣಿಸುತ್ತಾರೆ ಎಂಬ ಸಾಲು ಸೇರಿಸಿ, ಪಾಠವನ್ನು ಮತ್ತೆ ಪ್ರಸಾರಕ್ಕೆ ಬಿಟ್ಟಳು. ಕಚೇರಿಯಲ್ಲಿ ನಿಂತೇ ನೋಡಿ ಹೊಟ್ಟೆತುಂಬ ಅತ್ತಳು.

ಮನೆಗೆ ಬಂದಾಗ ಪಾರಾಯಾ ಅಂಗಿ ಬದಲಿಸಿ, ತಲೆ ಬಾಚಿಕೊಂಡು ಊಟದ ಮೇಜಿಗೆ ಕೂತಿದ್ದ. ಮುಖದಲ್ಲಿ ಅಂಥ ಗೆಲುವನ್ನು ಅವಳು ವರ್ಷಗಳಿಂದ ಕಂಡಿರಲಿಲ್ಲ.

"ನಿನ್ನ ಚಿಕ್ಕಮ್ಮ ಬರ್ತಾಳೆ. ಅವಳಿಗೂ ತಟ್ಟೆ ಇಡು."

ಹಿನೆವೈ ಪಕ್ಕದಲ್ಲಿ ಕೂತು ಅವನ ಕೈ ಹಿಡಿದಳು. "ಚಿಕ್ಕಮ್ಮ ಹೋಗ್ಬಿಟ್ರು, ಚಿಕ್ಕಪ್ಪ. ನೀವೇ ಮಣ್ಣು ಹಾಕಿದ್ರಿ."

"ಈಗ ತಾನೇ ಟಿವೀಲಿ ನೋಡ್ದೆ."

"ಅದು ಹಳೇದು. ನಾನೇ ಹಾಕ್ಸಿದ್ದು."

ಅವನು ಕೈ ಎಳೆದುಕೊಂಡ. ಕಣ್ಣಲ್ಲಿ ಮರೆವಿನ ಮಬ್ಬು ಚೂರೂ ಇರಲಿಲ್ಲ.

"ಮೊನ್ನೆ ಮೊನ್ನೆ ಸತ್ತೋಳ ಮುಖಾನ ನಮ್ಮೋರು ತೋರಿಸ್ತಾರಾ? ನಿನ್ನನ್ನ ಎತ್ತಿ ಆಡಿಸಿದ್ದು ಅವಳು. ನೀನು ಅಂಥ ಕೆಲಸ ಮಾಡ್ತೀಯಾ?"



"ಇಲ್ಲ, ಚಿಕ್ಕಪ್ಪ."

"ಮತ್ತೆ? ತಟ್ಟೆ ಇಡು."

ಹಿನೆವೈ ಎದ್ದು ಇನ್ನೊಂದು ತಟ್ಟೆ ತಂದಿಟ್ಟಳು. ಬಿಸಿ ಇದ್ದಾಗಲೇ ತಿನ್ನಿ ಎಂದು ಎಷ್ಟು ಹೇಳಿದರೂ, ಹೆಂಡತಿ ಬರದೆ ತುತ್ತೆತ್ತಲು ಅವನು ಒಪ್ಪಲಿಲ್ಲ.