ಬಾಯಿ ಸತ್ತ ಮನುಷ್ಯ

ಸಿನಿಮಾದವರಿಗೆ ಮರಳುಗಾಡಿನ ರಾಜಕುಮಾರಿಯ ಪಾತ್ರಕ್ಕೆ ಮರಳುಗಾಡಿನ ಹುಡುಗಿ ಒಬ್ಬಳೂ ಸಿಗಲಿಲ್ಲವಂತೆ. ಹಾಲಿನಂಥ ಬಣ್ಣದ ನಟಿಗೆ ದಿನಾ ಬೆಳಿಗ್ಗೆ ನಮ್ಮ ಬಣ್ಣ ಬಳಿದು, ಸಂಜೆ ತೊಳೆದು ಕಳಿಸುತ್ತಿದ್ದರು. ನಮ್ಮವರು ಬೇಕಾಗಿದ್ದು ಹಿಂದೆ ನಿಲ್ಲುವುದಕ್ಕೆ. ಪ್ರೇಮಿಗಳನ್ನು ಅಟ್ಟಿಸಿಕೊಂಡು ಹೋಗುವ ದರೋಡೆಕೋರರಲ್ಲಿ ಅಪ್ಪನೂ ಒಬ್ಬರು. ಮುಖಕ್ಕೆ ಬಟ್ಟೆ ಸುತ್ತಿ, ಕೈಗೆ ಕತ್ತಿ ಕೊಟ್ಟು, "ನಿಮ್ಮ ಭಾಷೇಲಿ ಏನಾದ್ರೂ ಕೂಗಾಡಿ, ಯಾರಿಗೂ ಅರ್ಥ ಆಗಲ್ಲ" ಅಂದಿದ್ದರಂತೆ. ಅಪ್ಪ ಅದನ್ನು ಮನೆಯಲ್ಲಿ ಹೇಳಿಕೊಂಡು ನಕ್ಕಿದ್ದರು.

ಆಮೇಲೊಂದು ಮಧ್ಯಾಹ್ನ, ಶೂಟಿಂಗ್ ನಡೆಯುತ್ತಿರುವಾಗಲೇ, ಬಿಸಿಲಿನ ಝಳಕ್ಕೆ ಕುಸಿದುಬಿದ್ದು ಅಲ್ಲೇ ಸತ್ತರು.

ಹೆಣದ ಜೊತೆ ಬಂದ ಪ್ರೊಡಕ್ಷನ್ ಮ್ಯಾನೇಜರ್ ಅಮ್ಮನ ಮುಂದೆ ಕೈಕಟ್ಟಿ ನಿಂತ. "ನೀರಿನ ಲಾರಿ ಅಲ್ಲೇ ನಿಂತಿತ್ತಮ್ಮ. ಒಂದ್ ಮಾತು ಬಾಯಿಬಿಟ್ಟು ಕೇಳಿದ್ದಿದ್ರೆ ನಾವು ಕೊಡ್ತಿರ್ಲಿಲ್ವಾ?"

ನಾನು ನಂಬಲಿಲ್ಲ. ಅಮ್ಮ ನಂಬಿದಳು. ಅಪ್ಪ ಇದ್ದದ್ದೇ ಹಾಗೆ. ಸಾರಿಗೆ ಉಪ್ಪಿಲ್ಲದಿದ್ದರೂ ಉಂಡು ಏಳುತ್ತಿದ್ದರು, ದರ್ಜಿ ಪ್ಯಾಂಟನ್ನು ಗಿಡ್ಡ ಹೊಲಿದರೆ ಗಿಡ್ಡವೇ ತೊಡುತ್ತಿದ್ದರು. ಆ ಸಿಟ್ಟಿನಲ್ಲಿ ಅಮ್ಮ ಅಳಲೇ ಇಲ್ಲ. ಪಾತ್ರೆ ಉಜ್ಜುವಾಗ, ಹಾಸಿಗೆ ಹಾಸುವಾಗ ಸತ್ತ ಗಂಡನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದಳು.

"ಬಾಯಿ ಸತ್ತ ಮನುಷ್ಯ! ಕೇಳೋಕೇನಾಗಿತ್ತು ನಿಮಗೆ? ನಾಲಿಗೆ ಬಿದ್ದುಹೋಗಿತ್ತಾ?"

"ಸತ್ತ ಮೇಲಾದ್ರೂ ಅವರನ್ನ ಬಿಡಮ್ಮ," ಅಂದೆ ಒಂದು ದಿನ, ಕೇಳಿ ಕೇಳಿ ತಲೆಕೆಟ್ಟು.

"ಹೇಗೆ ಬಿಡ್ಲಿ? ಕೇಳಿದ್ದಿದ್ರೆ ಇವತ್ತು ಇಲ್ಲಿ ಕೂತಿರ್ತಿದ್ರು."

ಸಿನಿಮಾ ತೆರೆಗೆ ಬಂತು. ಟೀವಿಯಲ್ಲಿ ನಿರ್ದೇಶಕರು ಎದೆಯುಬ್ಬಿಸಿ ಹೇಳಿದರು, ತಮ್ಮ ಚಿತ್ರದಲ್ಲಿ ಎಲ್ಲ ಬಣ್ಣದ, ಎಲ್ಲ ಜನಾಂಗದವರಿಗೂ ಜಾಗ ಕೊಟ್ಟಿದ್ದೇವೆ ಅಂತ. ಕೊಟ್ಟಿದ್ದು ಸುಳ್ಳಲ್ಲ. ಅಪ್ಪನಿಗೆ ಆರಡಿ ಮೂರಡಿ ಜಾಗ ಸಿಕ್ಕಿತು. ನಾನು ಟೀವಿ ಆರಿಸಿದೆ.

ಅಮ್ಮ ಮಾತ್ರ ಹಟ ಹಿಡಿದಳು. "ಮುಖ ಮುಚ್ಚಿದ್ರೇನು, ನಿಲ್ಲೋ ರೀತೀಲೇ ಗುರುತು ಹಿಡೀತೀನಿ. ಕರ್ಕೊಂಡು ಹೋಗು."

ನಮ್ಮ ಭಾಷೆ ಬಾರದವರ ಪಟ್ಟಣದ ಟಾಕೀಸಿಗೆ ಹೋದೆವು. ಪರದೆಗೆ ಮೂಗು ತಾಗುವಷ್ಟು ಮುಂದಿನ ಸಾಲು. ನಮ್ಮವರು ಬಾಯಿ ತೆರೆದಾಗ ಮಾತ್ರ ಕೆಳಗೆ ಅನುವಾದದ ಅಕ್ಷರಗಳು ಮೂಡುತ್ತಿದ್ದವು. ಅಮ್ಮನಿಗೆ ಓದು ಬರದು, ನಮ್ಮ ಭಾಷೆ ಕೇಳಲು ಅದರ ಅಗತ್ಯವೂ ಇರಲಿಲ್ಲ. ಪರದೆಯ ಮೇಲೆ ಅಪ್ಪನನ್ನು ಹುಡುಕುತ್ತಿದ್ದಳು.

ಮರಳದಿಬ್ಬದ ಮೇಲೆ ನಾಯಕ ರಾಜಕುಮಾರಿಯನ್ನು ತಬ್ಬಿಕೊಂಡಿದ್ದ. ದಿಬ್ಬದ ಆಚೆಯಿಂದ ದರೋಡೆಕೋರರು ನುಗ್ಗಿದರು. ಅವರಲ್ಲೊಬ್ಬ ಗುಂಪು ಬಿಟ್ಟು ಮುಂದೆ ಬಂದ. ಕತ್ತಿ ಹಿಡಿದ ಕೈ ಮೇಲೆತ್ತಿದ್ದ, ಆದರೆ ನೋಡುತ್ತಿದ್ದದ್ದು ನಾಯಕನನ್ನಲ್ಲ, ಕ್ಯಾಮೆರಾ ಹಿಂದೆ ಇದ್ದ ಯಾರನ್ನೋ. ಗಂಟಲು ಒಡೆದ ದನಿಯಲ್ಲಿ ನಮ್ಮ ಭಾಷೆಯಲ್ಲಿ ಕೂಗಿದ:

"ಅಣ್ಣಾ, ನೀರು... ಒಂದ್ ಗುಟುಕು ನೀರು ಕೊಡಣ್ಣಾ. ಕಣ್ಣು ಕತ್ತಲೆ ಬರ್ತಿದೆ."

ಕೆಳಗೆ ಅಕ್ಷರ ಮೂಡಿತು: 'ಒಬ್ಬರನ್ನೂ ಬಿಡಬೇಡಿ, ಕೊಂದುಹಾಕಿ!'

ನಾಯಕ ಗುಂಡು ಹಾರಿಸಿದ. ಅಪ್ಪ ಬಿದ್ದರು. ಗುಂಡಿನ ಸದ್ದು ಆಮೇಲೆ ಸೇರಿಸಿದ್ದು. ಬಿದ್ದದ್ದು ಮಾತ್ರ ನಿಜ.

ಅಮ್ಮ ನನ್ನ ಮಣಿಕಟ್ಟು ಹಿಡಿದಿದ್ದಳು. ಉಗುರು ನಾಟುತ್ತಿತ್ತು. "ಕೇಳಿದಾರೆ ಕಣೇ," ಅಂದಳು. "ಬಾಯಿಬಿಟ್ಟು ಕೇಳಿದಾರೆ. ನಾನು ಪಾಪಿ, ಸುಮ್ಸುಮ್ನೆ ಬೈದೆ ಅವರನ್ನ." ಅಪ್ಪ ಸತ್ತ ಮೇಲೆ ಅವಳು ಅತ್ತದ್ದು ಅದೇ ಮೊದಲು.

ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದಳು, "ಕೆಳಗೆ ಏನ್ ಬರ್ದಿದ್ರು?"

ಅಷ್ಟಾದರೂ ಸಮಾಧಾನ ಇರಲಿ ಅನ್ನಿಸಿತು. "ನೀರು ಕೇಳ್ತಿದಾರೆ ಅಂತಲೇ ಬರ್ದಿದ್ರಮ್ಮ."

ಅಮ್ಮ ಹಿಂದಿರುಗಿ ಕತ್ತಲಲ್ಲಿ ತುಂಬಿದ್ದ ಸಾಲುಗಳನ್ನು ನೋಡಿದಳು.

"ಹಾಗಾದ್ರೆ ಇವರೆಲ್ಲ ಯಾಕೆ ಶಿಳ್ಳೆ ಹೊಡೀತಿದಾರೆ?"