ಬೆಂಕಿ ನುಂಗುವ ಡ್ರ್ಯಾಗನ್

ಇಂಟರ್‌ವಲ್ ದೀಪ ಹತ್ತುವಷ್ಟರಲ್ಲಿ ಮೊಂಡಿಯ ಪಿತ್ತ ನೆತ್ತಿಗೇರಿತ್ತು. ತಾನು ಕೆಲಸ ಮಾಡುವ ಔಷಧಿ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಮೇಡಂ ಎಂದರೂ ಅಪ್ಪ ಇಟ್ಟ ಹೆಸರು ಅದೇ, ಗುಣವೂ ಅದೇ. ಬರುವುದಿಲ್ಲವೆಂದು ಕೊಸರಾಡಿದ ಅಪ್ಪನ ಬೀಗ ರಿಪೇರಿ ಅಂಗಡಿಗೆ ತಾನೇ ಬೀಗ ಜಡಿದು, ಅವನನ್ನು ಥಿಯೇಟರಿಗೆ ಎಳೆದು ತಂದಿದ್ದಳು.

ಅದಕ್ಕೆ ಕಾರಣವಿತ್ತು. ಅವಳು ಚಿಕ್ಕವಳಿದ್ದಾಗ ಅಪ್ಪ ಕೀಲಿಕೈಗಳನ್ನು ಅರದಿಂದ ಉಜ್ಜಿ ಮುಗಿಸಿ, ಕೈಗೆ ಮೆತ್ತಿದ ಹಿತ್ತಾಳೆ ಪುಡಿ ಒರೆಸಿಕೊಂಡು, ಲೈಬ್ರರಿಯ ದಪ್ಪ ಕಾದಂಬರಿಯೊಂದನ್ನು ಓದಿ ಹೇಳುತ್ತಿದ್ದ. ಅದರಲ್ಲೊಂದು ಮುದಿ ಡ್ರ್ಯಾಗನ್. ಗಂಟಲಲ್ಲಿ ಸದಾ ಬೆಂಕಿ. ಎದುರಿದ್ದವರು ಸುಟ್ಟುಹೋಗಬಾರದೆಂದು ಅದು ಮಾತಿನ ನಡುವೆ ತಡೆದು, ಬೆಂಕಿ ನುಂಗಿಕೊಂಡು, ಆಮೇಲೆ ಮುಂದುವರಿಸುತ್ತಿತ್ತು. ಅಪ್ಪನ ಮಾತೂ ತಡವರಿಸುತ್ತಿತ್ತು. "ನಿಮ್ಮಪ್ಪ ಉಗ್ಗ" ಎಂದು ಶಾಲೆಯಲ್ಲಿ ಆಡಿಕೊಂಡವರಿಗೆ ಅವಳು ಸೊಂಟಕ್ಕೆ ಕೈಯಿಟ್ಟು ಹೇಳುತ್ತಿದ್ದಳು: "ಬೆಂಕಿ ನುಂಗ್ತಿದ್ದಾನೆ ಕಣ್ರೋ. ಬಿಟ್ರೆ ನೀವೆಲ್ಲ ಬೂದಿ!" ಆ ಡ್ರ್ಯಾಗನ್ ಇರದಿದ್ದರೆ ತಾನೂ ಅಪ್ಪನಿಗಾಗಿ ನಾಚಿಕೆಪಡುತ್ತಿದ್ದಳೋ ಏನೋ. ಈಗ ಆ ಕಾದಂಬರಿಯೇ ಸಿನಿಮಾ ಆಗಿ ಬಂದಿತ್ತು. ತುಂಬಿದ ಥಿಯೇಟರು ಉಸಿರು ಬಿಗಿಹಿಡಿದು ಡ್ರ್ಯಾಗನ್ನಿನ ಮಾತಿಗೆ ಕಾಯುವುದನ್ನು ಅಪ್ಪ ಕಣ್ಣಾರೆ ನೋಡಬೇಕು, ಇಷ್ಟೇ ಅವಳ ಆಸೆ.

ಸಿನಿಮಾದ ಡ್ರ್ಯಾಗನ್ನೋ, ಅರಳು ಹುರಿದಂತೆ ಮಾತಾಡಿಬಿಟ್ಟಿತು!

"ಹಾಳು ಮಾಡಿಬಿಟ್ರು ಅಪ್ಪ," ಎಂದಳು. "ಪುಸ್ತಕ ಓದೋಕೆ ಏನು ಧಾಡಿ ಇವರಿಗೆ? ಬೆಂಕಿ ನುಂಗೋದನ್ನೇ ತೆಗೆದುಹಾಕಿದ್ದಾರೆ!"

ಮುಂದಿನ ಸಾಲಿನವರು ತಿರುಗಿ ನೋಡಿದರು. ಅಪ್ಪ ಪಾಪ್‌ಕಾರ್ನ್ ಪೊಟ್ಟಣದೊಳಗೆ ಏನೋ ಕಳೆದುಕೊಂಡವನಂತೆ ಹುಡುಕತೊಡಗಿದ.

"ಪು... ಪುಸ್ತಕದಲ್ಲೂ ಹೀಗೇ ಇದೆ, ಮೊಂಡಿ. ಅದು ಪಟಪಟ ಅಂತಾನೇ ಮಾತಾಡೋದು."

"ಮತ್ತೆ ಬೆಂಕಿ?"

"ಓದ್ತಾ ಓದ್ತಾ ಸಿ... ಸಿಕ್ಕಾಕೊಂಡೆ. 'ಯಾಕಪ್ಪ ನಿಲ್ಲಿಸಿದೆ' ಅಂದೆ ನೀನು. ಏನು ಹೇಳ್ಲಿ? ಡ್ರ್ಯಾಗನ್ ಬೆಂಕಿ ನುಂಗ್ತಿದೆ ಅಂತ ಬಾಯಿಗೆ ಬಂದಿದ್ದು ಹೇಳಿದೆ. ಆಮೇಲಿಂದ ನಾನು ಎಲ್ಲಿ ತಡವರಿಸಿದ್ರೂ ಅದು ಡ್ರ್ಯಾಗನ್ ಮಾತು ಅಂತಿದ್ದೆ."

ಇಷ್ಟು ವರ್ಷ ಮೊಂಡಿ ಪ್ರೀತಿಸಿದ ಡ್ರ್ಯಾಗನ್ ಯಾವ ಪುಸ್ತಕದಲ್ಲೂ ಇರಲಿಲ್ಲ. ಅದು ಬೀಗದಂಗಡಿಯ ಸ್ಟೂಲಿನ ಮೇಲೆ, ಕನ್ನಡಕ ಮೂಗಿಗಿಳಿಸಿಕೊಂಡು ಕೂತಿತ್ತು. ಸಿಟ್ಟು ಎಲ್ಲಿ ಹೋಯಿತೋ, ಅಳು ನಗು ಎರಡೂ ಒಟ್ಟಿಗೇ ಬಂದವು.

ದೀಪ ಆರಿತು. ಪರದೆಯ ಮೇಲೆ ಡ್ರ್ಯಾಗನ್ ಮತ್ತೆ ಭಾಷಣ ಬಿಗಿಯತೊಡಗಿತು. ಅಪ್ಪ ಅವಳತ್ತ ಬಾಗಿ ಇನ್ನೇನೋ ಹೇಳಲು ಹೊರಟ.

"ನಿ... ನಿ..."

ಮೊಂಡಿ ಪರದೆಗೆ ಬೆನ್ನು ಹಾಕಿ, ಅಪ್ಪನ ಕಡೆ ಪೂರ್ತಿ ತಿರುಗಿ ಕುಳಿತಳು.

"ನಿಧಾನ ಅಪ್ಪ. ಬೆಂಕಿ ನುಂಗ್ಕೋ. ನಾನು ಕಾಯ್ತೀನಿ."